ಓಡುತ್ತಿರುವ ಡೇಟಾಬೇಸನ್ನು ಒಂದೇ ಪ್ರೊಸೆಸರ್‌ಗೆ ಕಟ್ಟಲು ಮೂರು ದಾರಿ: ಟಾಸ್ಕ್‌ಸೆಟ್, ನೂಮಾಸಿಟಿಎಲ್, ಸಿಸ್ಟಮ್‌ಡಿ

ನಾನು ನೋಡಿಕೊಳ್ಳುವ ಒಂದು ಲಿನಕ್ಸ್ ಸರ್ವರ್‌ನಲ್ಲಿ ಎರಡು ಪ್ರೊಸೆಸರ್ ಇವೆ. ಒಂದೊಂದರಲ್ಲಿ 8 ಕೋರ್. ಒಂದು ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗ್ ಸೇರಿದರೆ ಲಿನಕ್ಸ್ ಲೆಕ್ಕದಲ್ಲಿ 32 ಸಿಪಿಯು. ಹಗಲಿಡೀ ಮೈಎಸ್‌ಕ್ಯೂಎಲ್ ಡೇಟಾಬೇಸ್ ಆರಾಮಾಗಿ ಓಡುತ್ತದೆ. ರಾತ್ರಿ ರಿಪೋರ್ಟ್ ತಯಾರಿಸುವ ಕೆಲಸ ಶುರುವಾದ ಕೂಡಲೇ ಎರಡೂ ಕೆಲಸಗಳು ಕೋರ್‌ಗಳಿಗಾಗಿ ಕಿತ್ತಾಡುತ್ತವೆ, ಕ್ವೆರಿಗಳು ಎಳೆದಾಡತೊಡಗುತ್ತವೆ. ಡೇಟಾಬೇಸನ್ನು ನಿಲ್ಲಿಸದೆಯೇ ಒಂದು ಪ್ರೊಸೆಸರ್‌ಗೆ ಕಟ್ಟಬೇಕು, ರಿಪೋರ್ಟ್ ಇನ್ನೊಂದರಲ್ಲಿ ಓಡಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಮೊದಲು ಕೈ ಹೋಗಿದ್ದು ಟಾಸ್ಕ್‌ಸೆಟ್ ಕಮಾಂಡ್‌ಗೆ. ಹೆಚ್ಚುಕಮ್ಮಿ ಎಲ್ಲ ಲಿನಕ್ಸ್‌ನಲ್ಲೂ ಮೊದಲೇ ಇರುತ್ತದೆ. ಪಿಐಡಿ (ಓಡುತ್ತಿರುವ ಪ್ರೋಸೆಸ್‌ನ ಸಂಖ್ಯೆ), ಸಿಪಿಯು ಪಟ್ಟಿ ಕೊಟ್ಟರೆ ಆಯಿತು. ಹಳೆಯ ಪಟ್ಟಿ 0-31, ಹೊಸ ಪಟ್ಟಿ 0-7 ಎಂದು ಎರಡು ಸಾಲು ತೋರಿಸಿತು. ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಪಿಎಸ್ ಕಮಾಂಡ್‌ನಲ್ಲಿ ಥ್ರೆಡ್‌ಗಳನ್ನು (ಒಂದೇ ಪ್ರೋಸೆಸ್‌ನೊಳಗೆ ಜೊತೆಜೊತೆಗೆ ಓಡುವ ಕೆಲಸಗಳನ್ನು) ಬಿಡಿಸಿ, ಯಾವುದು ಯಾವ ಸಿಪಿಯು ಮೇಲಿದೆ ಎಂದು ತೋರಿಸುವ ಪಿಎಸ್‌ಆರ್ ಕಾಲಮ್ ನೋಡಿದರೆ 9, 22, 13 ಎಂದು ಎಲ್ಲೆಂದರಲ್ಲಿ! ಲಿನಕ್ಸ್‌ನಲ್ಲಿ ಈ ಕಟ್ಟು ಥ್ರೆಡ್ ಥ್ರೆಡ್‌ಗೂ ಬೇರೆ. ಬರೀ ಪಿಐಡಿ ಕೊಟ್ಟರೆ ಮುಖ್ಯ ಥ್ರೆಡ್ ಒಂದಕ್ಕೇ ತಗಲುತ್ತದೆ. ಎಲ್ಲಕ್ಕೂ ಬೇಕೆಂದರೆ ‘-ಎ’ ಸೇರಿಸಬೇಕು.

ಅದನ್ನು ಸೇರಿಸಿದರೂ ಕ್ವೆರಿಗಳು ಚುರುಕಾಗಲಿಲ್ಲ. ಸಿಪಿಯುಗಳ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಓಡಿಸಿದಾಗ ಕಾರಣ ಕಾಣಿಸಿತು. ನೂಮಾ ನೋಡ್ ಅಂದರೆ ಒಂದು ಪ್ರೊಸೆಸರ್ ಮತ್ತು ಅದಕ್ಕೆ ಹತ್ತಿರದ ರ‍್ಯಾಮ್. ನೂಮಾ ನೋಡ್ 0 ಎದುರು 0, 2, 4, 6... ನೋಡ್ 1 ಎದುರು 1, 3, 5, 7... ಈ ಮೆಷಿನ್‌ನಲ್ಲಿ ಸಮ ಸಂಖ್ಯೆಗಳೆಲ್ಲ ಒಂದು ಪ್ರೊಸೆಸರ್, ಬೆಸ ಸಂಖ್ಯೆಗಳೆಲ್ಲ ಇನ್ನೊಂದು. ನಾನು 0-7 ಎಂದು ಬರೆದಾಗ ಇಲ್ಲಿಂದ ನಾಲ್ಕು, ಅಲ್ಲಿಂದ ನಾಲ್ಕು ಕೊಟ್ಟಂತಾಗಿತ್ತು. ಬೇರೆ ಮೆಷಿನ್‌ಗಳಲ್ಲಿ 0-7 ಒಂದೇ ಕಡೆ ಇರಬಹುದು. ಅದಕ್ಕೇ ಪಿನ್ ಮಾಡುವ, ಅಂದರೆ ಹೀಗೆ ಕಟ್ಟುವ ಮೊದಲು ದಯವಿಟ್ಟು ಇದೊಂದನ್ನು ನೋಡಿ. ಇನ್ನೊಂದು ಮಾತು: ಕೊಡುತ್ತಿರುವುದು ಸಿಪಿಯು ಪಟ್ಟಿ ಎಂದು ಹೇಳುವ ‘-ಸಿ’ ಹಾಕದೆ 4 ಎಂದು ಬರೆದರೆ ಅದು ಮಾಸ್ಕ್ (ಒಂದೊಂದು ಬಿಟ್ ಒಂದೊಂದು ಸಿಪಿಯು) ಆಗುತ್ತದೆ, ಪ್ರೋಸೆಸ್ ಸಿಪಿಯು 2ಕ್ಕೆ ಹೋಗಿ ಕೂರುತ್ತದೆ.

ಪಟ್ಟಿ ಸರಿಮಾಡಿದ ಮೇಲೂ ಮೆಮೊರಿಯದ್ದು ಉಳಿಯಿತು. ಲಿನಕ್ಸ್ ಸಾಮಾನ್ಯವಾಗಿ ಒಂದು ಪೇಜನ್ನು (ಮೆಮೊರಿಯ ಒಂದು ತುಂಡನ್ನು) ಮೊದಲು ಮುಟ್ಟಿದ ಸಿಪಿಯು ಯಾವ ಕಡೆ ಇದೆಯೋ ಆ ಕಡೆಯ ರ‍್ಯಾಮ್‌ನಲ್ಲೇ ಕೊಡುತ್ತದೆ. ಟಾಸ್ಕ್‌ಸೆಟ್ ಥ್ರೆಡ್‌ಗಳನ್ನಷ್ಟೇ ಎಬ್ಬಿಸಿ ಕಳಿಸುತ್ತದೆ, ಅವುಗಳ ಡೇಟಾ ಅಲ್ಲೇ ಬಿದ್ದಿರುತ್ತದೆ. ಮೆಮೊರಿ ಯಾವ ಕಡೆ ಎಷ್ಟಿದೆ ಎಂದು ತೋರಿಸುವ ನೂಮಾಸ್ಟಾಟ್‌ನಲ್ಲಿ ನೋಡಿದರೆ ಬಫರ್ ಪೂಲ್‌ನ (ಡೇಟಾಬೇಸ್ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಡೇಟಾದ) ದೊಡ್ಡ ಪಾಲು ಇನ್ನೂ ಆಚೆ ಕಡೆಯೇ ಇತ್ತು.

ಈ ವಿಷಯದಲ್ಲಿ ನೂಮಾಸಿಟಿಎಲ್ ಬಹಳ ಅಚ್ಚುಕಟ್ಟು. ಸಿಪಿಯು, ಮೆಮೊರಿ ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಬಹುದು. ಆದರೆ ಅದು ಹೊಸದಾಗಿ ಶುರು ಮಾಡುವ ಪ್ರೋಸೆಸ್‌ಗೆ ಮಾತ್ರ. ಓಡುತ್ತಿರುವುದನ್ನು ಅದು ಮುಟ್ಟುವುದಿಲ್ಲ. ಪೇಜ್‌ಗಳನ್ನು ಸಾಗಿಸಲು ಮೈಗ್ರೇಟ್‌ಪೇಜಸ್ ಎಂಬ ಜೊತೆ ಕಮಾಂಡ್ ಇದೆ, ಆದರೂ ಥ್ರೆಡ್‌ಗಳಿಗೆ ಮತ್ತೆ ಟಾಸ್ಕ್‌ಸೆಟ್ಟೇ ಬೇಕು. ಮೆಮೊರಿ ಕಟ್ಟುವ, ನೂಮಾಸಿಟಿಎಲ್‌ನ ಮೆಮ್‌ಬೈಂಡ್ ಆಯ್ಕೆ ಕಟ್ಟುನಿಟ್ಟು ಕೂಡ. ಒಂದು ಕಡೆಯ ರ‍್ಯಾಮ್ ತುಂಬಿದರೆ ಇನ್ನೊಂದು ಕಡೆ ಜಾಗ ಖಾಲಿ ಇದ್ದರೂ ಪ್ರೋಸೆಸ್ ಸಾಯಬಹುದು.

ಕೊನೆಗೆ ನಾನು ಉಳಿಸಿಕೊಂಡಿದ್ದು ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ದಾರಿ. ಅದು ಒಳಗೆ ಬಳಸುವುದು ಪ್ರೋಸೆಸ್‌ಗಳ ಗುಂಪಿಗೆ ಮಿತಿ ಹಾಕುವ ಸಿಗ್ರೂಪ್‌ನ ಸಿಪಿಯುಸೆಟ್ಟನ್ನು. ಸಿಸ್ಟಮ್‌ಡಿ 244 ಅಥವಾ ಅದಕ್ಕಿಂತ ಹೊಸದು, ಜೊತೆಗೆ ಸಿಗ್ರೂಪ್ ವಿ2 ಇರಬೇಕು. ಸಿಸ್ಟಮ್‌ಸಿಟಿಎಲ್‌ನ ಸೆಟ್-ಪ್ರಾಪರ್ಟಿಯಲ್ಲಿ ಅಲೌಡ್‌ಸಿಪಿಯುಸ್, ಅಲೌಡ್‌ಮೆಮೊರಿನೋಡ್ಸ್ ಎರಡನ್ನೂ ಕೊಟ್ಟೆ. ಸರ್ವಿಸ್ ನಿಲ್ಲಲಿಲ್ಲ. ಪಿಎಸ್‌ಆರ್ ಕಾಲಮ್‌ನಲ್ಲಿ ಬರೀ ಸಮ ಸಂಖ್ಯೆಗಳು. ನೂಮಾಸ್ಟಾಟ್‌ನಲ್ಲಿ ಪೇಜ್‌ಗಳು ಈಚೆ ಬರುವುದು ಕಣ್ಣಿಗೇ ಕಂಡಿತು. ಆ ದಿನ ಆದ ಖುಷಿ ದೊಡ್ಡದು! ನಾಳೆ ಹುಟ್ಟುವ ಥ್ರೆಡ್ ಕೂಡ ಇದೇ ಬೇಲಿಯೊಳಗೆ, ಪ್ರೋಗ್ರಾಮ್ ತಾನಾಗಿ ಬೇರೆ ಕೋರ್ ಕೇಳಿದರೂ ಬೇಲಿ ದಾಟಲಾಗುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರಿಗಂತೂ ಇದೇ ಸುಲಭ. ಅಲ್ಲಿ ಒಂದೊಂದು ಕನೆಕ್ಷನ್ ಒಂದೊಂದು ಪ್ರೋಸೆಸ್. ಮುಖ್ಯ ಪ್ರೋಸೆಸ್‌ಗೆ ಟಾಸ್ಕ್‌ಸೆಟ್ ಹಾಕಿದರೆ ಹೊಸ ಕನೆಕ್ಷನ್‌ಗಳಿಗೆ ಮಾತ್ರ ತಗಲುತ್ತದೆ, ಹಳೆಯವು ಹಾಗೇ ಉಳಿಯುತ್ತವೆ.

ಮೆಮೊರಿ ಮಿತಿ ಇಲ್ಲೂ ಬಿಗಿಯೇ, ಹಾಗಾಗಿ ಬಫರ್ ಪೂಲ್ ಒಂದೇ ಕಡೆಯ ರ‍್ಯಾಮ್‌ನಲ್ಲಿ ಹಿಡಿಸುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ. ಪೇಜ್‌ಗಳನ್ನು ಸಾಗಿಸುವಾಗ ಮೆಷಿನ್‌ಗೆ ಹೊರೆ ಜಾಸ್ತಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಮಾಡಿ.

ಇಷ್ಟಾದರೂ, ಒಂದು ಪ್ರೋಸೆಸ್ಸನ್ನು ಒಳಗೆ ಕಟ್ಟಿದ ಮಾತ್ರಕ್ಕೆ ಬೇರೆಯವು ಒಳಗೆ ಬರದಿರುವುದಿಲ್ಲ. ಡೇಟಾಬೇಸನ್ನಷ್ಟೇ ಪಿನ್ ಮಾಡಿ ರಿಪೋರ್ಟನ್ನು ಸುಮ್ನೆ ಬಿಟ್ಟಿದ್ದ ರಾತ್ರಿ ಸ್ಥಿತಿ ಮೊದಲಿಗಿಂತ ಕೆಟ್ಟಿತ್ತು. ಕೋರ್ ತುಂಬಿದಾಗ ಪಾಪ ಡೇಟಾಬೇಸ್‌ಗೆ ಬೇರೆ ಕಡೆ ಓಡಲು ಜಾಗವೇ ಇರಲಿಲ್ಲ. ಮರುದಿನ ರಿಪೋರ್ಟ್ ಸರ್ವಿಸ್‌ಗೂ ಅಲೌಡ್‌ಸಿಪಿಯುಸ್ ಹಾಕಿ ಬೆಸ ಸಂಖ್ಯೆಗಳನ್ನು ಕೊಟ್ಟೆ. ಅವತ್ತಿನಿಂದ ಅದು ಆ ಕಡೆ, ಇದು ಈ ಕಡೆ. ಟಾಸ್ಕ್‌ಸೆಟ್ಟನ್ನು ಈಗಲೂ ಬಳಸುತ್ತೇನೆ, ಅರ್ಧ ಗಂಟೆ ಪರೀಕ್ಷೆ ಮಾಡಲು ಮಾತ್ರ.