ಕರಿಮೆಣಸಿನ ಗೋದಾಮುಗಳಲ್ಲಿ ಕಲೆ: ಕೊಚ್ಚಿ–ಮುಜಿರಿಸ್ ಬಿನಾಲೆಯ ವಿಮರ್ಶೆ

2012ರ ಡಿಸೆಂಬರಿನಲ್ಲಿ ಕೊಚ್ಚಿ–ಮುಜಿರಿಸ್ ಬಿನಾಲೆ ಮೊದಲ ಸಲ ನಡೆದಾಗ, ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್‌ನಲ್ಲಿ ಸುಮಾರು 170 ರುಬ್ಬುಕಲ್ಲುಗಳನ್ನು ನೀರಿನ ಕಡೆಗೆ ಹರಡಿ ಇಡಲಾಗಿತ್ತು. ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಮತ್ತು ಅವರ ಜೊತೆಗಾರ ಕ್ರಿಸ್ಟೋಫ್ ಸ್ಟೋರ್ಜ್ ಅವುಗಳನ್ನು ಬೆಂಗಳೂರಿನಿಂದ ಸಾಗಿಸಿ ತಂದಿದ್ದರು. ಮಿಕ್ಸಿ ಬಂದ ಮೇಲೆ ಅಡುಗೆಮನೆಯಲ್ಲಿ ಜಾಗ ಕಳೆದುಕೊಂಡ, ಆದರೆ ಒಡೆದು ಹಾಕಲು ಯಾರಿಗೂ ಮನಸ್ಸು ಬಾರದೆ ಬೀದಿಬದಿಗೆ ಬಂದು ನಿಂತ ಕಲ್ಲುಗಳವು. ಒಂದು ಕಾಲಕ್ಕೆ ಮೆಣಸು, ಶುಂಠಿ, ಅರಿಸಿನಗಳ ಮೂಟೆಗಳು ಹಡಗು ಹತ್ತಲು ಕಾದಿದ್ದ ಜಾಗದಲ್ಲಿ, ಅದೇ ಮೆಣಸನ್ನು ಅರೆದ ಕಲ್ಲುಗಳು ಎಲ್ಲಿಗೋ ಹೊರಟು ನಿಂತಂತೆ ಕಂಡವು. ಕಲಾಪ್ರದರ್ಶನ ಎಂದರೆ ಬಿಳಿ ಗೋಡೆಯ ಮೇಲಿನ ಚೌಕಟ್ಟು ಎಂದುಕೊಂಡಿದ್ದ ನನಗೆ, ನಮ್ಮ ಅಜ್ಜಿಯ ಮನೆಯ ಹಿತ್ತಲಿನಲ್ಲಿದ್ದಂಥದೇ ಒಂದು ಕಲ್ಲಿನ ಮುಂದೆ ನಿಂತಾಗ ಆ ಎಣಿಕೆ ಬಿಟ್ಟುಹೋಯಿತು. ಅಂದಿನಿಂದ ಈ ಉತ್ಸವದ ಯಾವುದೇ ಕೃತಿಯ ಮುಂದೆ ನಿಂತರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ಈ ಬಂದರಿನಿಂದ ಎತ್ತಿ ದೆಹಲಿಯ ಒಂದು ಗ್ಯಾಲರಿಯಲ್ಲಿ ಇಟ್ಟರೆ ಇದು ಏನನ್ನಾದರೂ ಕಳೆದುಕೊಳ್ಳುತ್ತದೆಯೇ? ಕಳೆದುಕೊಳ್ಳುತ್ತದೆ ಎಂದಾದರೆ ಅದು ಕೊಚ್ಚಿಯ ಕೃತಿ. ಈ ವಿಮರ್ಶೆಯನ್ನು ಆ ಅಳತೆಯಿಂದಲೇ ಬರೆಯುತ್ತಿದ್ದೇನೆ.

ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಉತ್ಸವಕ್ಕೆ ಬಿನಾಲೆ ಎನ್ನುತ್ತಾರೆ. ಕೊಚ್ಚಿಯಲ್ಲಿ ಇಂಥದೊಂದು ಆಗಬೇಕೆಂಬ ಮಾತು ಶುರುವಾದದ್ದು 2010ರಲ್ಲಿ. ಆಗ ಕೇರಳದ ಸಂಸ್ಕೃತಿ ಸಚಿವರಾಗಿದ್ದ ಎಂ. ಎ. ಬೇಬಿ ಅವರು ಮುಂಬೈಯಲ್ಲಿ ನೆಲೆಸಿದ್ದ ಮಲಯಾಳಿ ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಅವರೊಡನೆ ಈ ವಿಚಾರವನ್ನು ಚರ್ಚಿಸಿದರು. ಇದಕ್ಕಾಗಿ ಕೊಚ್ಚಿ ಬಿನಾಲೆ ಫೌಂಡೇಶನ್ ಹುಟ್ಟಿತು. ಹಣದ ಕೊರತೆ ಮತ್ತು ವಿವಾದಗಳ ನಡುವೆಯೇ 2012ರ ಡಿಸೆಂಬರ್ 12ರಂದು ಮೊದಲ ಆವೃತ್ತಿಯ ಬಾಗಿಲು ತೆರೆಯಿತು, ಮತ್ತು ಮೂರು ತಿಂಗಳಲ್ಲಿ ಸುಮಾರು 4 ಲಕ್ಷ ಜನ ಅದನ್ನು ನೋಡಿದರು. ಜನರು ಇದನ್ನು ತಮ್ಮದೆಂದು ಒಪ್ಪಿಕೊಂಡ ಬಗೆಗೆ ಆ ಸಂಖ್ಯೆ ಒಂದು ಸಾಕ್ಷಿ. ಶಾಲೆಯ ಮಕ್ಕಳು, ಮೀನು ಮಾರಾಟ ಮುಗಿಸಿ ಬಂದವರು, ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದ ಸುತ್ತಮುತ್ತಲಿನವರು ಅಲ್ಲಿ ತುಂಬಿರುತ್ತಾರೆ. ಅವರು ಕೃತಿಗಳ ಮುಂದೆ ನಿಂತು ಮಲಯಾಳದಲ್ಲಿ ಮಾಡುವ ವಾದವನ್ನು ಕೇಳುವುದೇ ನನಗೆ ಪ್ರತಿ ಸಲದ ಭೇಟಿಯ ಅರ್ಧದಷ್ಟು ಸಂತೋಷ.

ಹೆಸರಿನಲ್ಲಿರುವ ಮುಜಿರಿಸ್ ಅಲಂಕಾರಕ್ಕೆ ಸೇರಿಸಿದ್ದಲ್ಲ. ಕೊಡುಂಗಲ್ಲೂರಿನ ಆಸುಪಾಸಿನಲ್ಲಿದ್ದ ಆ ಪ್ರಾಚೀನ ಬಂದರಿಗೆ ಯವನರ, ಅಂದರೆ ಗ್ರೀಕ್–ರೋಮನ್ ವರ್ತಕರ, ಹಡಗುಗಳು ಚಿನ್ನ ತಂದು ಮೆಣಸು ಒಯ್ಯುತ್ತಿದ್ದುದನ್ನು ಪ್ರಾಚೀನ ತಮಿಳಿನ ಸಂಗಂ ಸಾಹಿತ್ಯ ಹೇಳುತ್ತದೆ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಆ ಬಂದರಿನ ಬಾಯಿ ಹೂಳು ತುಂಬಿ ಮುಚ್ಚಿ, ದಕ್ಷಿಣದಲ್ಲಿ ಕೊಚ್ಚಿಯ ಅಳಿವೆ ತೆರೆದುಕೊಂಡಿತು ಎಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದ ಕಥನ. ಅಂದರೆ ಒಂದು ಬಂದರಿನ ಸಾವಿನಿಂದ ಇನ್ನೊಂದು ಬಂದರು ಹುಟ್ಟಿತು. 2007ರಿಂದ ಪಟ್ಟಣಂ ಎಂಬ ಊರಿನಲ್ಲಿ ನಡೆದ ಉತ್ಖನನದಲ್ಲಿ ದೊರೆತ ಮಡಕೆಚೂರುಗಳನ್ನೇ ಬಳಸಿ ವಿವಾನ್ ಸುಂದರಂ ಅವರು ಮೊದಲ ಬಿನಾಲೆಯಲ್ಲಿ ಒಂದು ಕಳೆದುಹೋದ ಪಟ್ಟಣವನ್ನು ನೆಲದ ಮೇಲೆ ಕಟ್ಟಿದ್ದರು. ಅದರ ಹೆಸರು ‘ಬ್ಲ್ಯಾಕ್ ಗೋಲ್ಡ್’, ಅಂದರೆ ಕರಿಯ ಚಿನ್ನವಾದ ಮೆಣಸು. ಇತಿಹಾಸದ ಪುಸ್ತಕ ಓದಿ ತಿಳಿಯುವ ಸಂಗತಿಯನ್ನು ಆ ಚೂರುಗಳ ಸುತ್ತ ಒಂದು ಸುತ್ತು ನಡೆದು ತಿಳಿಯುವಂತೆ ಮಾಡಿದ ಆ ಕೃತಿ, ನನ್ನ ಮಟ್ಟಿಗೆ, ಈ ಉತ್ಸವದ ಹೆಸರಿಗೆ ದೊರೆತ ಅತ್ಯುತ್ತಮ ವಿವರಣೆ.

ಇನ್ನು ಕಟ್ಟಡಗಳ ವಿಷಯ. ಈ ಉತ್ಸವದ ನಿಜವಾದ ಆಸ್ತಿ ಕಟ್ಟಡಗಳೇ ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಆಸ್ಪಿನ್‌ವಾಲ್ ಎಂಬುದು 1867ರಲ್ಲಿ ಜಾನ್ ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವರ್ತಕ ಸ್ಥಾಪಿಸಿದ ಕಂಪನಿ. ತೆಂಗಿನೆಣ್ಣೆ, ಮೆಣಸು, ಮರ, ತೆಂಗಿನ ನಾರು, ಕಾಫಿ, ಚಹಾ ಎಲ್ಲವೂ ಅದರ ವ್ಯಾಪಾರದಲ್ಲಿದ್ದವು. ಅದೇ ಕಂಪನಿಯ ಕಾಫಿ ಸಂಸ್ಕರಣೆಯ ಕೆಲಸ ಮಂಗಳೂರಿನಲ್ಲಿ ನಡೆಯುತ್ತಿದ್ದುದರಿಂದ ಆ ಹೆಸರು ಕರಾವಳಿಯ ಕನ್ನಡಿಗರಿಗೆ ಹೊಸದೇನಲ್ಲ. ಆ ಕಾಲದಲ್ಲಿ ದೊಡ್ಡ ಹಡಗುಗಳು ಹೊರಗಿನ ಸಮುದ್ರದಲ್ಲೇ ಲಂಗರು ಹಾಕುತ್ತಿದ್ದವು, ಸರಕನ್ನು ದೋಣಿಗಳಲ್ಲಿ ಸಾಗಿಸುತ್ತಿದ್ದರು. ಆದ್ದರಿಂದಲೇ ಪ್ರತಿ ವರ್ತಕನಿಗೂ ನೀರಿಗೆ ತಾಗಿದಂತೆ ಒಂದು ಗೋದಾಮು, ಅದಕ್ಕೊಂದು ಸ್ವಂತ ದಡ ಬೇಕಿತ್ತು. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಅಳಿವೆಯ ಮರಳುದಿಬ್ಬವನ್ನು ಕಡಿಸಿ, ದಾರಿ ಮಾಡಿದ ಮೇಲೆ, 1928ರಲ್ಲಿ ‘ಪದ್ಮ’ ಎಂಬ ಹಡಗು ಒಳಬಂದರಿಗೆ ಬಂದು ಸೇರಿತು; ಹೂಳೆತ್ತಿದ ಮಣ್ಣಿನಿಂದ ವಿಲ್ಲಿಂಗ್ಡನ್ ದ್ವೀಪವೂ ಎದ್ದಿತು. ಅಲ್ಲಿಂದ ಮುಂದೆ ವ್ಯಾಪಾರದ ಭಾರ ಮೆಲ್ಲನೆ ಆ ಕಡೆಗೆ ವಾಲಿತು. 2011ರಲ್ಲಿ ವಲ್ಲಾರ್‌ಪಾಡಂನ ಕಂಟೇನರ್ ಟರ್ಮಿನಲ್ ಶುರುವಾಗುವ ಹೊತ್ತಿಗೆ ಈ ದಡದ ಎಷ್ಟೋ ಗೋದಾಮುಗಳು ಬೀಗ ಹಾಕಿಕೊಂಡು ಕುಳಿತಿದ್ದವು. ಕಲೆಗೆ ಜಾಗ ಸಿಕ್ಕಿದ್ದು ವ್ಯಾಪಾರ ಬಿಟ್ಟುಹೋದ ಈ ಖಾಲಿಯಲ್ಲಿ. ಪೆಪ್ಪರ್ ಹೌಸ್‌ನ ಅಂಗಳದಲ್ಲಿ ಕುಳಿತು ಹೆಂಚಿನ ಮಾಡನ್ನು ನೋಡುವಾಗ, ಡಚ್ಚರ ಕಾಲದ ಡೇವಿಡ್ ಹಾಲ್‌ನ ದಪ್ಪ ಗೋಡೆಗಳ ನಡುವೆ ನಿಂತಾಗ, ಕೃತಿಗೂ ಮೊದಲೇ ಕಟ್ಟಡ ನಮ್ಮೊಡನೆ ಮಾತಿಗೆ ತೊಡಗಿರುತ್ತದೆ.

ಆ ಮಾತಿನಲ್ಲಿ ವರ್ತಕರ ಹೆಸರು ಹೆಚ್ಚು, ಮೂಟೆ ಹೊತ್ತವರ ಹೆಸರು ಕಡಿಮೆ ಎಂಬುದು ನನ್ನ ಮುಖ್ಯ ತಕರಾರು. ಫೋರ್ಟ್ ಕೊಚ್ಚಿಗೆ ತಾಗಿಕೊಂಡಿರುವ ಮಟ್ಟಾಂಚೇರಿಯಲ್ಲಿ ‘ಚಾಪ್ಪ’ ಎಂಬ ಪದ್ಧತಿಯಿತ್ತು: ಬಂದರಿನ ಗುತ್ತಿಗೆದಾರರ ಕಡೆಯವರು ಲೋಹದ ಬಿಲ್ಲೆಗಳನ್ನು ಗುಂಪಿನ ಮೇಲೆ ಎಸೆಯುತ್ತಿದ್ದರು, ಒಬ್ಬರ ಮೇಲೊಬ್ಬರು ಬಿದ್ದು ಅದನ್ನು ಹಿಡಿದವನಿಗೆ ಮಾತ್ರ ಆ ದಿನದ ಕೂಲಿ. ಅದರ ವಿರುದ್ಧ ಎದ್ದ ಕಾರ್ಮಿಕರ ಮುಷ್ಕರದ ಮೇಲೆ 1953ರ ಸೆಪ್ಟೆಂಬರಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ಬಂದರಿನ ಕಟ್ಟಡಗಳನ್ನು ತನ್ನ ಮನೆಯಾಗಿ ಮಾಡಿಕೊಂಡ ಉತ್ಸವವೊಂದು, ಕಟ್ಟಡದ ಬಾಗಿಲಲ್ಲಿ ಅದರ ಮಾಲೀಕರ ಕಥೆಯನ್ನು ಹೇಳುವಷ್ಟೇ ವಿಸ್ತಾರವಾಗಿ ಈ ಬಿಲ್ಲೆಗಳ ಕಥೆಯನ್ನೂ ಹೇಳಬೇಕೆಂದು ನಾನು ಬಯಸುತ್ತೇನೆ. ಇವತ್ತಿಗೂ ಟನ್‌ಗಟ್ಟಲೆ ಭಾರದ ಕೃತಿಗಳನ್ನು ಹೊತ್ತು, ಎತ್ತಿ, ಹಗ್ಗ ಕಟ್ಟಿ ನಿಲ್ಲಿಸುವುದು, ಮರಗೆಲಸ, ಬೆಸುಗೆ ಮಾಡುವುದು ಇದೇ ನೆರೆಹೊರೆಯ ಕೈಗಳು. ಸಮುದಾಯದ ಉತ್ಸವ ಎಂಬ ಮಾತಿಗೆ ತೂಕ ಬರುವುದು ಆ ಕೈಗಳಿಂದ.

ಆವೃತ್ತಿಗಳನ್ನು ಒಂದೊಂದಾಗಿ ನೋಡುವುದಾದರೆ, ಮೊದಲನೆಯದರಲ್ಲಿ ಸುಬೋಧ್ ಗುಪ್ತಾ ಅವರ ಓರೆಯಾಗಿ ನಿಂತ ದೊಡ್ಡ ಮರದ ದೋಣಿಯನ್ನು ಮರೆಯಲಾಗದು. ಪಾತ್ರೆ, ಮಂಚ, ಕುರ್ಚಿ, ಬಲೆಗಳನ್ನೆಲ್ಲ ತುಂಬಿಕೊಂಡ ಆ ದೋಣಿ ಊರು ಬಿಟ್ಟು ಹೊರಟ ಒಂದು ಸಂಸಾರದಂತಿತ್ತು. 2014ರ ಎರಡನೆಯ ಆವೃತ್ತಿಯನ್ನು ರೂಪಿಸಿದವರು ಜಿತೀಶ್ ಕಲ್ಲಟ್. ಸಮುದ್ರಯಾನದ ಕಾಲ ಮತ್ತು ಅದೇ ಶತಮಾನಗಳಲ್ಲಿ ಕೇರಳದಲ್ಲಿ ಬೆಳೆದ ಗಣಿತ–ಖಗೋಳ ಪರಂಪರೆ, ಈ ಎರಡನ್ನು ಹೆಣೆದು ಅವರು ಕಟ್ಟಿದ ಚೌಕಟ್ಟು ನನ್ನ ಲೆಕ್ಕದಲ್ಲಿ ಇಲ್ಲಿಯವರೆಗಿನ ಎಲ್ಲ ಆವೃತ್ತಿಗಳಿಗಿಂತ ಗಟ್ಟಿಯಾದದ್ದು. 30 ದೇಶಗಳ 94 ಕಲಾವಿದರಿದ್ದರೂ ಅದು ಚದುರಲಿಲ್ಲ. ಅನೀಶ್ ಕಪೂರ್ ಅವರು ಆಸ್ಪಿನ್‌ವಾಲ್‌ನ ನೆಲದೊಳಗೆ ಸುಳಿಯೊಂದನ್ನು ತಿರುಗಿಸಿದ್ದರು. ಕಿಟಕಿಯಾಚೆ ಶಾಂತವಾದ ನೀರು, ಕಾಲಬುಡದಲ್ಲಿ ಭೋರ್ಗರೆದು ಪಾತಾಳಕ್ಕೆ ಇಳಿಯುವ ನೀರು. ಮೈಸೂರಿನ ಎನ್. ಎಸ್. ಹರ್ಷ ಅವರ ‘ಪುನರಪಿ ಜನನಂ ಪುನರಪಿ ಮರಣಂ’ ಎಂಬ ಸುಮಾರು 24 ಮೀಟರ್ ಉದ್ದದ ವರ್ಣಚಿತ್ರವೂ ಅಲ್ಲಿತ್ತು. ದೂರದಿಂದ ಒಂದೇ ಕುಂಚದ ಎಳೆತದಂತೆ ಕಾಣುವ ಅದರ ಸುತ್ತುಗಳಲ್ಲಿ, ಹತ್ತಿರ ಹೋದಷ್ಟೂ ನಕ್ಷತ್ರಗಳು, ಗ್ರಹಗಳು, ಇಡೀ ಬ್ರಹ್ಮಾಂಡವೇ ತೆರೆದುಕೊಳ್ಳುತ್ತದೆ. ಕನ್ನಡದ ಕಲಾವಿದರೊಬ್ಬರ ಕೆಲಸದ ಮುಂದೆ ಅಪರಿಚಿತರು ಮೌನವಾಗಿ ನಿಂತದ್ದನ್ನು ನೋಡಿ ನನಗೆ ಆದ ಹೆಮ್ಮೆಯನ್ನು ಮುಚ್ಚಿಡಲು ಇಷ್ಟವಿಲ್ಲ.

2016ರ ಮೂರನೆಯ ಆವೃತ್ತಿಯ ಹೊಣೆ ಮಂಗಳೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳಗಿದ ಸುದರ್ಶನ್ ಶೆಟ್ಟಿ ಅವರದು. ಕವಿಗಳನ್ನು, ಬರಹಗಾರರನ್ನು ಅವರು ಕಲಾವಿದರ ಸಾಲಿನಲ್ಲೇ ಕೂರಿಸಿದರು. ಅದರ ಫಲವಾಗಿ ಚಿಲಿಯ ಕವಿ ರಾವುಲ್ ಸುರೀತಾ ಅವರ ‘ನೋವಿನ ಸಮುದ್ರ’ ಕೊಚ್ಚಿಗೆ ಬಂತು. ಗೋದಾಮಿನ ಉದ್ದನೆಯ ಕೋಣೆಯೊಂದರಲ್ಲಿ ಉಪ್ಪುನೀರು ನಿಲ್ಲಿಸಿದ್ದರು. ಗೋಡೆಯ ಮೇಲಿನ ಸಾಲುಗಳನ್ನು ಓದಬೇಕಾದರೆ ಬಟ್ಟೆ ಮೇಲೆತ್ತಿ ಆ ನೀರಿನಲ್ಲಿ ನಡೆದು ತುದಿಯವರೆಗೂ ಹೋಗಬೇಕು. ಮೆಡಿಟರೇನಿಯನ್ ದಾಟುವಾಗ ಮುಳುಗಿಹೋದ ಸಿರಿಯದ ಬಾಲಕ ಗಾಲಿಪ್ ಕುರ್ದಿಗೆ ಅರ್ಪಿಸಿದ ಕೃತಿಯದು. ಸಮುದ್ರದ ದಡದಲ್ಲಿ ಹುಟ್ಟಿ ಬೆಳೆದವನಾದರೂ ನೀರಿನಲ್ಲಿ ಅಷ್ಟು ಹೆದರಿಕೆಯಿಂದ ನಾನು ಕಾಲಿಟ್ಟದ್ದು ಅಂದೇ ಮೊದಲು. ನನ್ನ ಮೊದಲಿನ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಸ್ಪಷ್ಟ: ಹೊರಗೆ ಅದೇ ಅರಬ್ಬೀ ಸಮುದ್ರ, ಅದೇ ಉಪ್ಪಿನ ವಾಸನೆ ಇಲ್ಲದಿದ್ದರೆ ಆ ಕೋಣೆ ಬರಿಯ ಕೊಳವಾಗಿ ಉಳಿಯುತ್ತಿತ್ತು.

2018ರ ನಾಲ್ಕನೆಯ ಆವೃತ್ತಿ ಕೇರಳದ ಮಹಾಪ್ರವಾಹವಾದ ನಾಲ್ಕೇ ತಿಂಗಳಿಗೆ ಬಂತು. ಈ ಉತ್ಸವದ ಮೊದಲ ಮಹಿಳಾ ಕ್ಯುರೇಟರ್, ಅಂದರೆ ಕೃತಿಗಳನ್ನು ಆರಿಸಿ ಪ್ರದರ್ಶನವನ್ನು ರೂಪಿಸುವವರು, ಆದ ಅನಿತಾ ದುಬೆ ಅವರು ಹೆಣ್ಣುಮಕ್ಕಳ ಮತ್ತು ಅಂಚಿನಲ್ಲಿರುವವರ ದನಿಗೆ ದೊಡ್ಡ ಜಾಗ ಕೊಟ್ಟರು. ನೀರು ನುಗ್ಗಿ ಹಾಳಾದ ಮನೆಗಳ ವಸ್ತುಗಳನ್ನೇ ತೂಗುಹಾಕಿ ಬಾಂಗ್ಲಾದೇಶದ ಮಾರ್ಜಿಯಾ ಫರ್ಹಾನಾ ಮಾಡಿದ ಕೃತಿಯ ಕೆಳಗೆ, ಅಂಥದೇ ವಸ್ತುಗಳನ್ನು ಆ ಮಳೆಗಾಲದಲ್ಲಿ ಕಳೆದುಕೊಂಡಿದ್ದ ಜನ ನಿಂತಿದ್ದರು. ಶಿಲ್ಪಾ ಗುಪ್ತಾ ಅವರ ಕೃತಿಯಲ್ಲಿ ಕತ್ತಲೆಯಲ್ಲಿ ತೂಗುವ 100 ಮೈಕುಗಳು, ಕೆಳಗೆ ಕಬ್ಬಿಣದ ಸರಳಿಗೆ ಚುಚ್ಚಿದ 100 ಹಾಳೆಗಳು; ಬರೆದದ್ದಕ್ಕಾಗಿ ಸೆರೆಯಾದ 100 ಕವಿಗಳ ಸಾಲುಗಳು ಒಂದಾದ ಮೇಲೊಂದು ಕೇಳಿಬರುತ್ತಿದ್ದವು. ಅದು ಬಂದರಿಗೆ ಕಟ್ಟುಬಿದ್ದ ಕೃತಿಯಲ್ಲ, ಎಲ್ಲಿ ಇಟ್ಟರೂ ನಡುಗಿಸುತ್ತದೆ. ನನ್ನ ಅಳತೆಗೋಲು ಕೆಲವೊಮ್ಮೆ ಸಾಲದು ಎಂಬುದನ್ನು ನಾನು ಒಪ್ಪಿಕೊಂಡದ್ದು ಅಲ್ಲಿ.

ಕೊರೊನಾದಿಂದಾಗಿ 2020ರಲ್ಲಿ ಆಗಬೇಕಿದ್ದ ಐದನೆಯ ಆವೃತ್ತಿ ಶುಬಿಗಿ ರಾವ್ ಅವರ ನೇತೃತ್ವದಲ್ಲಿ 2022ಕ್ಕೆ ಬಂತು, ಮತ್ತು ಆಗಲೂ ಡಿಸೆಂಬರ್ 12ರ ಬದಲು 23ಕ್ಕೆ ಮುಖ್ಯ ಪ್ರದರ್ಶನ ತೆರೆಯಿತು. ಸರಕು ತಡವಾದದ್ದು, ಮಳೆಯಲ್ಲಿ ಸೋರಿದ ಮಾಡು, ವ್ಯವಸ್ಥೆಯ ಕೊರತೆಗಳ ಬಗ್ಗೆ ಭಾಗವಹಿಸಿದ ಕಲಾವಿದರೇ ಬಹಿರಂಗ ಪತ್ರ ಬರೆದರು. ಹಳೆಯ ಗೋದಾಮುಗಳ ಸೌಂದರ್ಯಕ್ಕೆ ತೆರಬೇಕಾದ ಬೆಲೆಯಿದು ಎಂದು ಇದನ್ನು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕಾಗದ, ಬಣ್ಣ, ಯಂತ್ರಗಳನ್ನು ನಂಬಿ ಒಪ್ಪಿಸಿದ ಕಲಾವಿದನಿಗೆ ಒಣಗಿದ ನೆಲ, ಸೋರದ ಮಾಡು, ಹೇಳಿದ ದಿನಕ್ಕೆ ತೆರೆಯುವ ಬಾಗಿಲು ಸಿಗಲೇಬೇಕು, ಮತ್ತು ದೂರದಿಂದ ರಜೆ ಹಾಕಿ ಬರುವ ನೋಡುಗನಿಗೂ ಅದೇ ಹಕ್ಕಿದೆ. 2025ರ ಡಿಸೆಂಬರ್ 12ರಂದು ತೆರೆದ ಆರನೆಯ ಆವೃತ್ತಿಯನ್ನು ಗೋವಾದ ಎಚ್‌ಎಚ್ ಆರ್ಟ್ ಸ್ಪೇಸಸ್ ಬಳಗದೊಂದಿಗೆ ನಿಖಿಲ್ ಚೋಪ್ರಾ ರೂಪಿಸಿದರು. ದೇಹವನ್ನೇ ಮಾಧ್ಯಮವಾಗಿಸಿಕೊಂಡ ಕಲಾವಿದರೊಬ್ಬರ ಕೈಗೆ ಇದು ಬಂದದ್ದು ಸರಿಯಾದ ಹೆಜ್ಜೆ ಎಂದು ನನಗನ್ನಿಸುತ್ತದೆ.

2014ರಲ್ಲಿ ಶುರುವಾದ ವಿದ್ಯಾರ್ಥಿಗಳ ಬಿನಾಲೆಯನ್ನು ಅನೇಕರು ಸಮಯವಿಲ್ಲವೆಂದು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ದೇಶದ ಸರ್ಕಾರಿ ಕಲಾಶಾಲೆಗಳಲ್ಲಿ ಕಲಿಯುವ ಹುಡುಗ ಹುಡುಗಿಯರು ಏನನ್ನು ಕುರಿತು ಯೋಚಿಸುತ್ತಿದ್ದಾರೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಹೋಗುವವರಿಗೆ ಕೆಲವು ಮಾತು. ಒಂದೇ ದಿನದಲ್ಲಿ ನೋಡಿ ಮುಗಿಸುತ್ತೇನೆಂದು ಹೊರಡಬಾರದು. ಎರಡು ದಿನ ಕನಿಷ್ಠ, ಮೂರು ದಿನವಿದ್ದರೆ ನೆಮ್ಮದಿ. ಮಾರ್ಚ್ ತಿಂಗಳ ಸೆಕೆಯಲ್ಲಿ ಗೋದಾಮಿನಿಂದ ಗೋದಾಮಿಗೆ ನಡೆಯುವುದು ವಯಸ್ಸಾದವರಿಗೆ ಕಷ್ಟ, ಹಳೆಯ ಮರದ ಮೆಟ್ಟಿಲುಗಳು ಇನ್ನೂ ಕಷ್ಟ. ಡಿಸೆಂಬರ್ ಕೊನೆ ಅಥವಾ ಜನವರಿ ಅವರಿಗೆ ಸೂಕ್ತ. ಎರ್ನಾಕುಲಂನಲ್ಲಿ ಉಳಿದುಕೊಂಡರೆ ಬೆಳಿಗ್ಗೆ ರಸ್ತೆಯಲ್ಲಿ ಬರುವುದಕ್ಕಿಂತ ದೋಣಿಯಲ್ಲಿ ಬನ್ನಿ. ನೀರಿನ ಮೇಲಿನಿಂದ ನೋಡಿದಾಗ ಮಾತ್ರ ಈ ಗೋದಾಮುಗಳೆಲ್ಲ ಯಾವ ಕಡೆಗೆ ಮುಖ ಮಾಡಿ ನಿಂತಿವೆ ಎಂಬುದು ಅರ್ಥವಾಗುತ್ತದೆ; ರಸ್ತೆಗೆ ಬೆನ್ನು, ಹಡಗಿಗೆ ಬಾಗಿಲು. ದೀರ್ಘ ವಿಡಿಯೊ ಕೃತಿಗಳನ್ನು ಮೊದಲ ದಿನವೇ ನೋಡಲು ಕುಳಿತರೆ ಉಳಿದವಕ್ಕೆ ಹೊತ್ತು ಸಿಗುವುದಿಲ್ಲ, ಅವನ್ನು ಎರಡನೆಯ ದಿನದ ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಳ್ಳಿ. ಸಂಜೆ ಫೋರ್ಟ್ ಕೊಚ್ಚಿಯಿಂದ ಮಟ್ಟಾಂಚೇರಿಯ ಬಜಾರ್ ರಸ್ತೆಯವರೆಗೆ ನಡೆದು ಹೋಗಿ. ಪ್ರದರ್ಶನ ನಡೆಯುವ ಗೋದಾಮಿನ ಪಕ್ಕದಲ್ಲೇ ಇನ್ನೂ ವ್ಯಾಪಾರ ನಡೆಸುತ್ತಿರುವ ಅಂಗಡಿಗಳಲ್ಲಿ ಅಕ್ಕಿ, ಒಣಶುಂಠಿ, ಮೆಣಸಿನ ಮೂಟೆಗಳು ಏರಿಳಿಯುತ್ತಿರುತ್ತವೆ. ಲಾರಿಗೆ ದಾರಿ ಬಿಟ್ಟು ಒಂದು ಬದಿಗೆ ನಿಂತರೆ ಒಳಗಿನಿಂದ ಬರುವ ಒಣಶುಂಠಿಯ ಘಾಟು ರಸ್ತೆಯವರೆಗೂ ಬರುತ್ತದೆ.