ಅಲಾರಂ ಬೀಗವೋ, ಬಾಗಿಲ ಸೆನ್ಸರೋ?

ಸಿಂಧನೂರಿನ ಮನೆ ಬಿಟ್ಟು ನಾಲ್ಕು ದಿನ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗುವವರು ಅಲಾರಂ ಬೀಗ, ಬಾಗಿಲ ಸೆನ್ಸರ್ ಇವೆರಡರಲ್ಲಿ ಯಾವುದು ತಗೊಳ್ಳಬೇಕು ಅಂತ ಕೇಳಿದ್ದೀರಿ. ಬೆಲೆ ನೋಡಿದರೆ ದೊಡ್ಡ ವ್ಯತ್ಯಾಸವಿಲ್ಲ, ಎರಡೂ 1,000 ರೂಪಾಯಿ ಒಳಗೇ ಸಿಗುತ್ತವೆ.

ಯಾವಾಗ ಕೂಗುತ್ತದೆ ಅನ್ನೋದೇ ಮುಖ್ಯ. ಅಲಾರಂ ಬೀಗದೊಳಗೆ ಅಲುಗಾಟ ಹಿಡಿಯುವ ಸೆನ್ಸರ್ ಇರುತ್ತದೆ, ಒಮ್ಮೆ ಅಲ್ಲಾಡಿಸಿದರೆ ಸಣ್ಣಗೆ ಎಚ್ಚರಿಸಿ, ಮತ್ತೆ ಕೈ ಹಾಕಿದರೆ ಜೋರಾಗಿ ಕೂಗುತ್ತದೆ, ಅಂದರೆ ಕಳ್ಳ ಇನ್ನೂ ಹೊರಗಿರುವಾಗಲೇ. ಬಾಗಿಲ ಸೆನ್ಸರ್ ಹಾಗಲ್ಲ. ಬಾಗಿಲು ತೆರೆದು, ಅದಕ್ಕೆ ಅಂಟಿಸಿದ ಆಯಸ್ಕಾಂತ ಚೌಕಟ್ಟಿನಲ್ಲಿರುವ ಸ್ವಿಚ್‌ನಿಂದ ದೂರವಾದ ಮೇಲೇ ಅದರ ಸದ್ದು. ಅಷ್ಟರಲ್ಲಿ ಬೀಗ ಮುರಿದಿರುತ್ತದೆ, ಅಲ್ವಾ?

ಆದರೆ ಬಾಳಿಕೆಯಲ್ಲಿ ಸೆನ್ಸರೇ ವಾಸಿ. ಅದು ಒಳಗಡೆ ನೆರಳಲ್ಲಿರುತ್ತದೆ, ಕೆಲವಕ್ಕೆ ಮಾಮೂಲಿ ಪೆನ್ಸಿಲ್ ಸೆಲ್ ಸಾಕು. ಬೀಗ ಮಾತ್ರ 40 ಡಿಗ್ರಿ ದಾಟುವ ನಮ್ಮ ರಾಯಚೂರಿನ ಬಿಸಿಲು, ಧೂಳು, ಮಳೆ ಎಲ್ಲ ತಿನ್ನಬೇಕು, ಅದರ ಗುಂಡಿಯಾಕಾರದ ಪುಟ್ಟ ಸೆಲ್ ಬೇಗ ಕೆಡಬಹುದು. ಕೀ ತೂತಿಗೆ ಎಣ್ಣೆ ಬಿಡಬೇಡಿ, ಧೂಳು ಅಂಟುತ್ತದೆ, ಗ್ರಾಫೈಟ್ ಪುಡಿ ಹಾಕಿ.

ಕೋತಿಗಳ ಕಾಟವಿರುವ ಆನೆಗೊಂದಿ ಕಡೆಯ ಮನೆಯಾದರೆ ಅಲಾರಂ ಬೀಗ ಬೇಡವೇ ಬೇಡ. ಕೋತಿ ಎಳೆದರೂ ಕೂಗುತ್ತದೆ, ನಾಲ್ಕು ಸಲ ಸುಮ್ನೆ ಕೂಗಿದರೆ ಐದನೇ ಸಲ ಪಕ್ಕದವರು ಎದ್ದು ಬರಲ್ಲ.

ನಿಮ್ಮದು ಒತ್ತೊತ್ತಾಗಿ ಮನೆಗಳಿರುವ ಓಣಿ, ಬಾಗಿಲಿಗೆ ಮಳೆ ಹೊಡೆಯಲ್ಲ ಅಂದರೆ ಬೀಗ ತಗೊಳ್ಳಿ. ಮನೆಯಲ್ಲೇ ಮಲಗುವ ವಯಸ್ಸಾದ ಅಪ್ಪ-ಅಮ್ಮನಿಗೆ ಎಚ್ಚರವಾಗಬೇಕು ಅಂದರೆ ಸೆನ್ಸರ್. ಊರಾಚೆ ಭತ್ತದ ಗೋದಾಮಿಗೆ ಇವೆರಡೂ ಸಾಲಲ್ಲ, ಕೇಳುವವರೇ ಇರಲ್ಲ. ಅಲ್ಲಿಗೆ ಖರ್ಚು ಜಾಸ್ತಿಯಾದರೂ ಫೋನಿಗೆ ಕರೆ ಮಾಡುವ, ಸಿಮ್ ಹಾಕುವ ಅಲಾರಂ ಹಾಕಿಸಿ, ಕರೆಂಟ್ ಹೋದಾಗಲೂ ನಡೆಯುವಂತೆ ಬ್ಯಾಟರಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.