‘ಹೀರೋಯಿನ್ ಕೂತ ಗಾಡಿ’: ಬಳ್ಳಾರಿಯಲ್ಲಿ ಹಳೆಯ ಕ್ಯಾರವಾನ್ ಟ್ರೇಲರ್ ಕೊಳ್ಳುವವರು ದಯವಿಟ್ಟು ಓದಿ

ಬಳ್ಳಾರಿಯ ಹೊರವಲಯದ ಅಂಗಳವೊಂದರಲ್ಲಿ ಹಳೆಯ ಕ್ಯಾರವಾನ್ ಟ್ರೇಲರ್‌ಗಳನ್ನು, ಅಂದರೆ ಜೀಪಿನ ಹಿಂದೆ ಕಟ್ಟಿ ಎಳೆಯುವ ಮಲಗುವ ಗಾಡಿಗಳನ್ನು, ಮಾರುತ್ತಿದ್ದಾರೆ. ಒಳಗೆ ಎರಡು ಮಂಚ, ಒಂದು ಸಿಂಕ್, ಕಿಟಕಿಗೆ ಹೂವಿನ ಪರದೆ, ಹೊರಗೆ ಥಳಥಳ ಹೊಳೆಯುವ ಬಿಳಿ ಬಣ್ಣ. ಕೊಳ್ಳಲು ಹೊರಟಿದ್ದರೆ ನಿಲ್ಲಿ. ಮುಂಗಡ ಕೊಟ್ಟಿದ್ದರೆ ಉಳಿದ ಹಣವನ್ನಾದರೂ ಕೊಡಬೇಡಿ. ಮಾರುವವನ ಹೆಸರು ಬರೆಯುವುದಿಲ್ಲ, ವಕೀಲರು ಬೇಡ ಎಂದಿದ್ದಾರೆ. ಆದರೆ ಅವನ ಮಾತಿನ ವರಸೆಯನ್ನು ಇಲ್ಲಿ ಇದ್ದಂತೆಯೇ ಬರೆದಿದ್ದೇನೆ. ಎದುರಿಗೆ ನಿಂತಾಗ ಗುರುತು ಸಿಗುತ್ತದೆ.

ನಾವು ಸಿಂಧನೂರಿನವರು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವ ಬಳಗ ನಮ್ಮ ಓಣಿಯದು. ನಡೆದವರಿಗೆ ಗೊತ್ತು, ಕಾಡಿನ ದಾರಿಯೇ ವಾಸಿ. ವೆಂಕಟಾಪುರ ದಾಟಿ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ ಎಂದು ನೆರಳಿನಲ್ಲಿ ಏರಿ ಇಳಿದು ಹೋಗುತ್ತೇವೆ. ಅದಕ್ಕೂ ಮೊದಲಿನ ಡಾಂಬರು ರಸ್ತೆ ಇದೆಯಲ್ಲ, ಕರ್ನೂಲು ದಾಟಿ ಆತ್ಮಕೂರಿನವರೆಗೆ, ಅದು ಪ್ರಾಣ ತೆಗೆಯುತ್ತದೆ. ಗುಳ್ಳೆ ಎದ್ದ ಕಾಲಿನ ಹಿರಿಯರು ಎಲ್ಲಿ ಒರಗಬೇಕು? ಹೆಣ್ಣುಮಕ್ಕಳು ಎಲ್ಲಿ ಬಟ್ಟೆ ಬದಲಿಸಬೇಕು? ಪ್ರತಿ ವರ್ಷ ಇದೇ ಗೋಳು. ಹೀಗಾಗಿ ಮಲಗುವ ಮಂಚ ಇರುವ ಒಂದು ಹಳೆಯ ಟ್ರೇಲರ್ ಕೊಂಡು, ಬೊಲೆರೋಗೆ ಕಟ್ಟಿ, ಆತ್ಮಕೂರಿನವರೆಗೆ ಜೊತೆಗಿಟ್ಟುಕೊಂಡು, ಆಮೇಲೆ ದೋರ್ನಾಲದ ಘಾಟಿನಿಂದ ಸುತ್ತಿಸಿ ಶ್ರೀಶೈಲಕ್ಕೆ ಕಳಿಸೋಣ ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ಹಣ ಎಲ್ಲರದು. ಹಪ್ಪಳ ಮಾರಿ ಬದುಕುವ ನಮ್ಮ ಓಣಿಯ ಗಿರಿಜಮ್ಮತ್ತೆ ಸಹ ಸೆರಗಿನ ಗಂಟು ಬಿಚ್ಚಿ ಐನೂರು ಕೊಟ್ಟರು. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ನನ್ನೊಬ್ಬನ ದುಡ್ಡಾಗಿದ್ದರೆ ಈ ಬರಹ ಇಷ್ಟು ಉದ್ದ ಆಗುತ್ತಿರಲಿಲ್ಲ.

ಮಾರುವವನು ಬಹಳ ಮರ್ಯಾದಸ್ಥ. ಕುರ್ಚಿ ಒರೆಸಿ ಕೂರಿಸಿದ, ಚಹಾ ತರಿಸಿದ. "ಯಜಮಾನರೇ, ಇದು ಹೈದರಾಬಾದಿನಲ್ಲಿ ಶೂಟಿಂಗಿಗೆ ಓಡಾಡಿದ ಗಾಡಿ. ಹೀರೋಯಿನ್ ಕೂತ ಗಾಡಿ. ಒಳಗೆ ಚಪ್ಪಲಿ ಬಿಟ್ಟು ಹೋಗಿ" ಎಂದ. ಚಪ್ಪಲಿ ಬಿಟ್ಟೆವು! ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಚಪ್ಪಲಿ ಬಿಡಿಸಿದ್ದು ಮರ್ಯಾದೆಗಲ್ಲ. ಗಟ್ಟಿ ಅಟ್ಟೆಯ ಚಪ್ಪಲಿ ಹಾಕಿಕೊಂಡು ನಾಲ್ಕು ಜನ ಒಟ್ಟಿಗೆ ಓಡಾಡಿದ್ದರೆ ನೆಲ ಅಲ್ಲೇ ಕುಸಿಯುತ್ತಿತ್ತು, ಅದಕ್ಕೆ. "ಇಬ್ಬಿಬ್ಬರೇ ಹೋಗಿ, ಒಳಗೆ ಜಾಗ ಚಿಕ್ಕದು" ಎಂದೂ ಹೇಳಿದ್ದ.

ನೋಡದೆ ಕೊಂಡಿರಿ ಎಂದು ಯಾರೂ ಹೇಳಬೇಡಿ. ನೋಡಿದೆವು. ಗೋಡೆ ತಟ್ಟಿದೆವು, ನಲ್ಲಿ ತಿರುಗಿಸಿದೆವು, ಟೈರು ಒದ್ದೆವು, ಬಗ್ಗಿ ಅಡಿಯನ್ನೂ ನೋಡಿದೆವು. ಅಡಿಯೆಲ್ಲ ಕರಿ ಬಣ್ಣ, ದಪ್ಪವಾಗಿ, ಹೊಸದಾಗಿ. ತುಕ್ಕು ಹಿಡಿಯಬಾರದೆಂದು ಬಳಿದದ್ದು ಎಂದ. ಹಿಡಿದ ತುಕ್ಕು ಕಾಣಬಾರದೆಂದು ಬಳಿದದ್ದು!

ಬೆಲೆ ಒಂದು ಲಕ್ಷ ಎಪ್ಪತ್ತು ಸಾವಿರ ಹೇಳಿದ. ಪಾದಯಾತ್ರೆಗೆ ಎಂದು ತಿಳಿದ ಕೂಡಲೇ ಕೈ ಮುಗಿದು, "ಮಲ್ಲಯ್ಯನ ಕೆಲಸಕ್ಕೆ ನಾನು ಲಾಭ ನೋಡುವುದಿಲ್ಲ" ಎಂದು ಹತ್ತು ಸಾವಿರ ಬಿಟ್ಟ. ನಮ್ಮವರ ಕಣ್ಣಲ್ಲಿ ನೀರು ಬಂತು. ಮುಂಗಡ ಮೊಬೈಲಿನಲ್ಲಿ ಹಾಕಿಸಿಕೊಂಡ, ಉಳಿದದ್ದನ್ನು ನಗದು ಕೇಳಿದ. ಕೊಟ್ಟ ಕಾಗದಗಳು: ಒಂದು ಆರ್‌ಸಿ, ಮಾಲೀಕರ ಹೆಸರು ಬದಲಾವಣೆಗೆ ಬೇಕಾದ, ಯಾರೋ ಸಹಿ ಮಾಡಿದ ಖಾಲಿ ಫಾರಂ 29 ಮತ್ತು 30, ಒಂದು ಕೈಬರಹದ ರಸೀದಿ. ಹಳೆಯ ಗಾಡಿ ವ್ಯವಹಾರ ನಮ್ಮ ಕಡೆ ಹೇಗೆ ನಡೆಯುತ್ತದೆಂದು ನಿಮಗೂ ಗೊತ್ತು, ಖಾಲಿ ಫಾರಂ ಕಂಡು ಯಾರೂ ಬೆಚ್ಚುವುದಿಲ್ಲ. ರಸೀದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಇದ್ದ ಸ್ಥಿತಿಯಲ್ಲಿ ಮಾರಲಾಗಿದೆ" ಎಂದಿತ್ತು. ಈ ಮೂರು ಪದ ನೆನಪಿಡಿ, ಮುಂದೆ ಬರುತ್ತವೆ.

ಸಿರುಗುಪ್ಪ ದಾಟುವವರೆಗೆ ಸರಿ ಇತ್ತು. ದಢೇಸುಗೂರಿನ ತುಂಗಭದ್ರಾ ಸೇತುವೆ ಹತ್ತಿರ ಬರುವಾಗ ಎದುರಿನಿಂದ ಭತ್ತದ ಲಾರಿ ಬಂತು, ಡ್ರೈವರ್ ಸ್ವಲ್ಪ ಎಡಕ್ಕೆ ತಿರುಗಿಸಿದ, ಅಷ್ಟೇ. ಟ್ರೇಲರ್ ಬಾಲ ಬೀಸತೊಡಗಿತು. ಬೊಲೆರೋದ ಹಿಂಭಾಗವನ್ನೇ ಎತ್ತಿ ಎತ್ತಿ ಒಗೆಯಿತು. ಬ್ರೇಕು ಒತ್ತದೆ ವೇಗ ತಗ್ಗಿಸಿದ ಡ್ರೈವರ್‌ನಿಂದ ನಾವು ಬದುಕಿದೆವು. ಆಮೇಲೆ ತಿಳಿದದ್ದು: ಟ್ರೇಲರಿನ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕಂತೆ. ಈ ಮಹಾನುಭಾವ ನೀರಿನ ಟ್ಯಾಂಕು, ಸಿಂಕು, ಕಬ್ಬಿಣದ ಕಪಾಟು ಎಲ್ಲವನ್ನೂ ಅಚ್ಚಿನ ಹಿಂದೆ ತುಂಬಿದ್ದ. ಮುಂದೆ ಹಗುರ, ಹಿಂದೆ ಭಾರ. ಬಾಲ ಬೀಸದೆ ಇನ್ನೇನು ಮಾಡುತ್ತದೆ? ಕತ್ತಲಾದ ಮೇಲೆ ನೋಡಿದರೆ ಹಿಂದಿನ ಕೆಂಪು ದೀಪಕ್ಕೆ ವೈರೇ ಇಲ್ಲ. ದೀಪ ಇದೆ, ಗಾಜು ಇದೆ, ವೈರಿಲ್ಲ.

ಫೋನ್ ಮಾಡಿದೆ. "ಯಜಮಾನರೇ, ನೀವು ಟ್ರ್ಯಾಕ್ಟರ್ ಓಡಿಸಿ ರೂಢಿಯವರು. ಇಂಥ ಗಾಡಿಯನ್ನು ನಾಜೂಕಾಗಿ ಎಳೆಯಬೇಕು" ಎಂದ. ನಾಜೂಕು!

ಮರುದಿನ ಪೂಜೆಗೆಂದು ಗಾಡಿ ತೊಳೆಸಿದೆವು. ಪೈಪಿನ ನೀರು ಚಾವಣಿಗೆ ಬಿದ್ದದ್ದೇ ತಡ, ಒಳಗೆ ಬಲ್ಬಿನ ಹೋಲ್ಡರ್‌ನಿಂದ ನೀರು ತೊಟ್ಟಿಕ್ಕಿ, ಕೆಳಗಿಟ್ಟಿದ್ದ ಮಲ್ಲಿಕಾರ್ಜುನನ ಫೋಟೋದ ಮೇಲೆ ಬಿತ್ತು. ಹುಡುಗರು ಅಭಿಷೇಕ ಎಂದು ನಕ್ಕರು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ವೆಲ್ಡಿಂಗ್ ಅಂಗಡಿಯ ಮೇಸ್ತ್ರಿಯನ್ನು ಕರೆಸಿದೆವು. ಅವನು ಹೆಚ್ಚು ಮಾತಾಡುವವನಲ್ಲ. ಬಾಗಿಲ ಬಳಿ ಕೂತು, ಹೊಸ ರೆಕ್ಸಿನ್ ಹಾಸಿನ ಅಂಚು ಎತ್ತಿ, ಸ್ಕ್ರೂಡ್ರೈವರನ್ನು ನೆಲಕ್ಕೆ ಒತ್ತಿದ. ಸಾರಿನಲ್ಲಿ ನೆನೆದ ರೊಟ್ಟಿಗೆ ಬೆರಳು ಇಳಿದಂತೆ ಹಿಡಿಕೆಯವರೆಗೂ ಇಳಿಯಿತು. ಸದ್ದು ಕೂಡ ಇಲ್ಲ. ಹಾಸು ಪೂರ್ತಿ ಕಿತ್ತರೆ ಪ್ಲೈವುಡ್ ಕಪ್ಪಾಗಿ, ಪದರ ಪದರ ಬಿಟ್ಟು, ಮೂಲೆಯಲ್ಲಿ ಗೆದ್ದಲು ಮಣ್ಣು. ಮೆತ್ತಗಾದ ಜಾಗ ಕಾಲಿಗೆ ಸಿಗಬಾರದೆಂದು ಅದರ ಮೇಲೆ ರಟ್ಟು ಅಂಟಿಸಿ, ರಟ್ಟಿನ ಮೇಲೆ ರೆಕ್ಸಿನ್ ಹಾಸಿದ್ದರು. ಗೋಡೆಯೂ ಅಷ್ಟೇ. ಹೊರಗಿನ ತಗಡು ಗಟ್ಟಿ, ಒಳಗಿನ ಮರ ಹಿಟ್ಟು. ಚಾವಣಿಯ ಬೆಸುಗೆಗಳಲ್ಲಿ ಅಂಟು ಒಣಗಿ ಬಿರುಕು ಬಿಟ್ಟು ವರ್ಷಗಟ್ಟಲೆ ನೀರು ಇಳಿದಿದೆ ಎಂದ ಮೇಸ್ತ್ರಿ.

ಅಲ್ಲಿಗೂ ಮುಗಿಯಲಿಲ್ಲ. ಕಪಾಟನ್ನು ಸರಿಸಿದಾಗ ಹಿಂದಿನ ಗೋಡೆಗೆ ಒಂದು ಮುದ್ರಿತ ಹಾಳೆ ಅಂಟಿತ್ತು. ಕಾಂಕ್ರೀಟ್ ಎಷ್ಟು ಗಟ್ಟಿ ಎಂದು ನೋಡುವ ಕ್ಯೂಬ್ ಪರೀಕ್ಷೆಯ ಪಟ್ಟಿ: 7 ದಿನ, 28 ದಿನ ಎಂದು ಕಾಲಂಗಳು, ಪಕ್ಕದಲ್ಲಿ ಯಾವನೋ ಎಂಜಿನಿಯರನ ಪೆನ್ಸಿಲ್ ಗೀಚು. ಇದು ಯಾವುದೋ ರಸ್ತೆ ಕಾಮಗಾರಿಯ ಸೈಟ್ ಆಫೀಸ್! ಹೀರೋಯಿನ್ ಅಲ್ಲ, ಸಿಮೆಂಟ್ ಮೂಟೆ ಕೂತ ಗಾಡಿ. ಆ ಹಾಳೆಯ ಫೋಟೋ ತೆಗೆದು ಅವನಿಗೆ ಕಳಿಸಿದೆ. ಉತ್ತರವಾಗಿ ಧ್ವನಿ ಸಂದೇಶ ಬಂತು. ಅದನ್ನು ಇಡೀ ಓಣಿ ಕೇಳಿದೆ: "ಶೂಟಿಂಗ್ ಮುಗಿದ ಮೇಲೆ ಕಾಮಗಾರಿಗೆ ಹೋಗಿರಬಹುದು ಯಜಮಾನರೇ. ಹೀರೋಯಿನ್ ಆದ ಮೇಲೆ ಬೇರೆ ಯಾರೂ ಕೂತಿಲ್ಲ ಎಂದು ನಾನು ಹೇಳಿದ್ದೆನೇ?"

ಹೇಳಿ, ಇದಕ್ಕೆ ಏನೆಂದು ಉತ್ತರ ಕೊಡುವುದು?

ಇನ್ನು ಕಾಗದದ ವಿಷಯ. ಇದು ನೆಲ ಕೊಳೆತದ್ದಕ್ಕಿಂತ ದೊಡ್ಡದು. ಹೆಸರು ಬದಲಾವಣೆಗೆಂದು ರಾಯಚೂರಿಗೆ ಹೋದಾಗ ಏಜೆಂಟ್ ಮೊಬೈಲಿನಲ್ಲಿ ವಾಹನದ ವಿವರ ತೋರಿಸುವ ಸರ್ಕಾರಿ ಆ್ಯಪ್ ಎಂಪರಿವಾಹನ್ ತೆರೆದು ನಂಬರ್ ಹಾಕಿ ನೋಡಿ, ನನ್ನ ಮುಖ ನೋಡಿದ. ಆರ್‌ಸಿ ಇರುವುದು ಆಂಧ್ರದ ಕೃಷಿ ಟ್ರೇಲರಿಗೆ. ಅಂದರೆ ಹುಲ್ಲು, ಭತ್ತ ಹೇರುವ ಟ್ರಾಲಿ! ಮಲಗುವ ಗಾಡಿಗೆ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರ್ ಎಂಬ ಬೇರೆಯೇ ವರ್ಗ ಇದೆಯಂತೆ. ನಮ್ಮದು ಅದಕ್ಕೆ ಸೇರಿಲ್ಲ. ಗುಜರಿಗೆ ಹೋದ ಟ್ರಾಲಿಯ ಅಚ್ಚು, ಅದರ ಆರ್‌ಸಿ, ಅದರ ಮೇಲೆ ಸೈಟ್ ಆಫೀಸಿನ ಡಬ್ಬಿ. ಚಾಸಿ ನಂಬರಿನ ತಗಡು ಪಟ್ಟಿಯನ್ನು ಬೇರೆ ಕಡೆಯಿಂದ ತಂದು ರಿವೆಟ್ ಹೊಡೆದಿದ್ದಾರೆ, ಒಂದು ರಿವೆಟ್ ಕೈಯಲ್ಲೇ ಅಲ್ಲಾಡುತ್ತದೆ. ಬೇರೆ ರಾಜ್ಯದ ಗಾಡಿಗೆ ಬೇಕಾದ ಫಾರಂ 28ರ ನಿರಾಕ್ಷೇಪಣಾ ಪತ್ರ ಇಲ್ಲ. ಮೂಲ ಮಾಲೀಕ ತೀರಿಕೊಂಡು ಬಹಳ ಕಾಲವಾಗಿದೆ ಎಂದು ಆ ಊರಿಗೆ ಫೋನ್ ಮಾಡಿದಾಗ ಗೊತ್ತಾಯಿತು. ಹಾಗಾದರೆ ಫಾರಂ 29ರ ಮೇಲಿನ ಸಹಿ ಯಾರದು? ಹೊಚ್ಚ ಹೊಸ ನೀಲಿ ಶಾಯಿ!

ಆ ಟ್ರೇಲರಿನಲ್ಲಿ ಹಿರಿಯರನ್ನು ಮಲಗಿಸಿಕೊಂಡು ನಲ್ಲಮಲದ ಘಾಟು ಹತ್ತಿ, ಏನಾದರೂ ಆಗಿದ್ದರೆ? ವಿಮೆಯವರು ಹತ್ತಿರ ಸುಳಿಯುತ್ತಿರಲಿಲ್ಲ. ರಾತ್ರಿ ನಿದ್ದೆಯಲ್ಲಿ ಇದು ನೆನಪಾದರೆ ಎದ್ದು ಕೂರುತ್ತೇನೆ.

ಬಳಗದವರನ್ನು ಕರೆದುಕೊಂಡು ಮತ್ತೆ ಬಳ್ಳಾರಿಗೆ ಹೋದೆ. ಈ ಸಲ ಕುರ್ಚಿಯೂ ಇಲ್ಲ, ಚಹಾವೂ ಇಲ್ಲ. ರಸೀದಿಯ ತನ್ನ ಪ್ರತಿ ತೆಗೆದು ಆ ಮೂರು ಪದಗಳ ಮೇಲೆ ಬೆರಳಿಟ್ಟ. "ಗಾಡಿ ನಿಮ್ಮ ಕಣ್ಣೆದುರಿಗೇ ಇತ್ತು. ನಾನೇನು ನಿಮ್ಮ ಕಣ್ಣಿಗೆ ಬಟ್ಟೆ ಕಟ್ಟಿದ್ದೆನೇ?" ಎಂದ. ಆರ್‌ಸಿ ಬಗ್ಗೆ ಕೇಳಿದರೆ, "ಟ್ರೇಲರ್ ಎಂದು ಬರೆದಿದೆಯೋ ಇಲ್ಲವೋ? ನಾನು ಮಾರಿದ್ದು ಟ್ರೇಲರ್ ಹೌದೋ ಅಲ್ಲವೋ?" ಎಂದ. ಸತ್ತವರ ಸಹಿ ಬಗ್ಗೆ ಕೇಳಿದರೆ, ತನಗೆ ಮಾರಿದವನನ್ನು ಕೇಳಿ ಎಂದ. ಅವನ ನಂಬರ್ ಕೊಡು ಎಂದರೆ, "ಅವನು ನನ್ನ ಫೋನ್ ಎತ್ತುವುದಿಲ್ಲ, ನಿಮ್ಮದು ಎತ್ತುತ್ತಾನೆಯೇ?" ನಮ್ಮಲ್ಲಿ ಹಿರಿಯರಾದ ಶರಣಪ್ಪ ಮಾವ, "ದೇವರ ಹೆಸರಿನಲ್ಲಿ ಹತ್ತು ಸಾವಿರ ಬಿಟ್ಟೆಯಲ್ಲಪ್ಪಾ, ಆ ದೇವರಿಗಾದರೂ ಹೆದರು" ಎಂದರು. ಅವನು ಕೈ ಮುಗಿದು, "ಮಲ್ಲಯ್ಯ ನೋಡಿಕೊಳ್ಳುತ್ತಾನೆ ಬಿಡಿ" ಎಂದ. ಅದೇ ಕೈ, ಅದೇ ಭಂಗಿ. ನಮ್ಮ ಹುಡುಗರನ್ನು ಹಿಡಿದು ನಿಲ್ಲಿಸುವುದೇ ಕಷ್ಟವಾಯಿತು.

ಕೊನೆಗೆ ಅವನು ಒಂದು ಉಪಕಾರ ಮಾಡಿದ. ಮೂವತ್ತೈದು ಸಾವಿರಕ್ಕೆ ವಾಪಸ್ ಕೊಳ್ಳುತ್ತೇನೆ ಎಂದ. ಕಬ್ಬಿಣದ ತೂಕದ ಲೆಕ್ಕ. ವಾಪಸ್ ಕೊಂಡು, ಮತ್ತೆ ಬಣ್ಣ ಬಳಿದು, ಇನ್ನೊಬ್ಬರಿಗೆ ಚಪ್ಪಲಿ ಬಿಡಿಸುವುದು. ಕೊಡಲಿಲ್ಲ. ಗಾಡಿ ನಮ್ಮ ಗೋದಾಮಿನ ಹಿಂದೆ ಸಾಕ್ಷಿಗೆ ನಿಂತಿದೆ. ಓಣಿಯ ಮಕ್ಕಳು ಅದನ್ನು ಹೀರೋಯಿನ್ ಎಂದೇ ಕರೆಯುತ್ತಾರೆ, ನಾನು ಹಾದು ಹೋಗುವಾಗ ಸ್ವಲ್ಪ ಜೋರಾಗಿ. ಗಿರಿಜಮ್ಮತ್ತೆ ಏನೂ ಅನ್ನಲಿಲ್ಲ. ಅನ್ನಬೇಕಿತ್ತು. ಆ ವರ್ಷ ಬಾಡಿಗೆ ಟಾಟಾ ಏಸ್‌ಗೆ ತಾಡಪಾಲು ಕಟ್ಟಿಕೊಂಡು ಹೋಗಿ ಬಂದೆವು.

ಇಷ್ಟಾದ ಮೇಲೂ ಕೊಂಡೇ ಕೊಳ್ಳುತ್ತೇನೆ ಎನ್ನುವವರಿಗೆ: ಚಪ್ಪಲಿ ಬಿಡಬೇಡಿ. ಬೇಕಾದರೆ ಬೂಟು ಹಾಕಿಕೊಂಡು ಹೋಗಿ, ಮೂಲೆ ಮೂಲೆಯಲ್ಲಿ ನೆಲ ತುಳಿಯಿರಿ, ಸಿಂಕಿನ ಕೆಳಗೂ ಕಿಟಕಿಯ ಕೆಳಗೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಒಂದು ಕೊಡ ನೀರು ಚಾವಣಿಗೆ ಸುರಿಸಿ. ಮಾರುವವನು ಬೇಡ ಎಂದರೆ ಎದ್ದು ಬನ್ನಿ. ಟೈರಿನ ಹೊಳಪು ನೋಡಬೇಡಿ, ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ ಒಂದು ಟೈರಿನ ಮೇಲೆ 3109 ಇದೆ, ಅಂದರೆ 2009ರದು. ಇನ್ನೊಂದರ ಅಂಕಿಯನ್ನು ಉಜ್ಜಿ ತೆಗೆದಿದ್ದಾರೆ. ಹಣ ಕೊಡುವ ಮೊದಲೇ ನಂಬರನ್ನು ಎಂಪರಿವಾಹನ್‌ನಲ್ಲಿ ಹಾಕಿ ವಾಹನದ ವರ್ಗ ಓದಿ, ಆಮೇಲೆ ಅಲ್ಲ. 2023ರ ಏಪ್ರಿಲ್‌ನಿಂದ ನೋಂದಾಯಿತ ಹಳೆಯ ವಾಹನಗಳ ವ್ಯಾಪಾರ ಮಾಡುವ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ ಬಂದಿದೆ, ಅದನ್ನು ತೋರಿಸು ಎನ್ನಿ. ನಾನು ಎರಡನೇ ಸಲ ಹೋದಾಗ ಕೇಳಿದ್ದಕ್ಕೆ ಅವನು ಗೋಡೆಯ ಮೇಲಿನ ಲಕ್ಷ್ಮಿ ಫೋಟೋ ತೋರಿಸಿದ.

ಈಗ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ತಯಾರಾಗುತ್ತಿದೆ. 2019ರ ಕಾಯ್ದೆಯ ಪ್ರಕಾರ ಕೊಂಡವನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬಳ್ಳಾರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಸತ್ತವರ ಸಹಿಯದ್ದು ಬೇರೆ, ಅದು ಪೊಲೀಸ್ ಠಾಣೆಯ ವಿಷಯ. ಅದಕ್ಕೂ ಅರ್ಜಿ ಬರೆದಿದ್ದೇವೆ. ಧ್ವನಿ ಸಂದೇಶ, ರಸೀದಿ, ಕ್ಯೂಬ್ ಪರೀಕ್ಷೆಯ ಹಾಳೆ ಎಲ್ಲವೂ ಜೋಪಾನವಾಗಿವೆ. ಅದೇ ಅಂಗಳದಲ್ಲಿ ಕೊಂಡವರು ಬೇರೆ ಯಾರಾದರೂ ಇದ್ದರೆ ನಿಮ್ಮ ಗಾಡಿಯ ಕಪಾಟು ಸರಿಸಿ ನೋಡಿ, ಸಿಕ್ಕಿದ್ದನ್ನು ಫೋಟೋ ತೆಗೆದಿಡಿ, ರಸೀದಿ ಹರಿಯಬೇಡಿ. ಮೊನ್ನೆ ಮಾನ್ವಿಯವರೊಬ್ಬರು ಫೋನ್ ಮಾಡಿದ್ದರು. ಅಂಗಳದಲ್ಲಿ ಇನ್ನೊಂದು ಬಿಳಿ ಟ್ರೇಲರ್ ನಿಂತಿದೆಯಂತೆ. ಅದರಲ್ಲಿ ಯಾರೋ ತೆಲುಗು ಹೀರೋ ಕೂತಿದ್ದನಂತೆ.